ಮುಳ್ಳುಹೊನಗೊನ್ನೆ: ನೆಲಕ್ಕಂಟಿ ಬೆಳೆಯುವ ಪರದೇಶಿ ಕಳೆಯ ಗುರುತು

ಬೆಂಗಳೂರಿನ ಹಳೆಯ ಪೇಟೆಗೆ ಸೇರಿದ ತರಗುಪೇಟೆಯಲ್ಲಿ ತೋಟವೆಂದು ಕರೆಯಬಹುದಾದ ನೆಲ ಬಹಳ ಕಡಿಮೆ. ಅಕ್ಕಿ, ಬೇಳೆ, ಬೆಲ್ಲಗಳ ಸಗಟು ಮಂಡಿಗಳೂ ಗೋದಾಮುಗಳೂ ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿರುವ ಈ ಬೀದಿಗಳಲ್ಲಿ ಮಣ್ಣು ಕಣ್ಣಿಗೆ ಬೀಳುವುದು ಗುಡಿಯ ಅಂಗಳದಲ್ಲಿ, ಮರದ ಕಟ್ಟೆಯ ಬುಡದಲ್ಲಿ, ಅಳಿದುಳಿದ ಹಿತ್ತಿಲುಗಳಲ್ಲಿ ಮತ್ತು ಕಲ್ಲುಚಪ್ಪಡಿಗಳ ಸಂದಿನಲ್ಲಿ. ಇಲ್ಲಿಂದ ಸ್ವಲ್ಪವೇ ದೂರದಲ್ಲಿ 1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯೂ, 1898ರ ಪ್ಲೇಗಿನ ಕಾಲದಲ್ಲಿ ಗಾಳಿ ಬೆಳಕುಗಳ ಬಡಾವಣೆಯಾಗಿ ಹುಟ್ಟಿದ ಬಸವನಗುಡಿಯೂ ಇದ್ದು, ಅಲ್ಲಿ ಕಾಂಪೌಂಡಿನೊಳಗಿನ ಕೈತೋಟ, ಉದ್ಯಾನ, ಆಟದ ಬಯಲು, ಮನೆಗಳ ಸಾಲುಗಳ ನಡುವಿನ ಕನ್ಸರ್ವೆನ್ಸಿ ಗಲ್ಲಿ ಎಲ್ಲವೂ ದೊರೆಯುತ್ತವೆ. ಇಂಥ ಎಡೆಗಳಲ್ಲೆಲ್ಲ, ಜನ ಹೆಚ್ಚು ಓಡಾಡುವ ಕಡೆಯಲ್ಲೇ, ನೆಲಕ್ಕೆ ಒತ್ತಿಕೊಂಡು ಚಾಪೆ ಹಾಸಿದಂತೆ ಹರಡಿ, ಬರಿಗಾಲಿನಲ್ಲಿ ನಡೆದವರಿಗೆ ಚುಚ್ಚುವ ಒಂದು ಗಿಡವಿದೆ. ಅದರ ಶಾಸ್ತ್ರೀಯ ಹೆಸರು ಆಲ್ಟರ್ನಾಂತೆರಾ ಪಂಜೆನ್ಸ್. ಸೊಪ್ಪಾಗಿ ಬಳಕೆಯಲ್ಲಿರುವ ಹೊನಗೊನ್ನೆಯ ಕುಲಕ್ಕೇ ಸೇರಿದ, ಆದರೆ ಮುಳ್ಳುಳ್ಳ ಜಾತಿಯಾದ್ದರಿಂದ ಈ ಅಧ್ಯಾಯದಲ್ಲಿ ಅದನ್ನು ಮುಳ್ಳುಹೊನಗೊನ್ನೆ ಎಂದು ಕರೆಯಲಾಗಿದೆ.

ಕೈತೋಟದಲ್ಲಿ ಕಳೆ ಕೀಳುವವರು ಸಾಮಾನ್ಯವಾಗಿ ನೆಲಕ್ಕಂಟಿದ ಗಿಡಗಳನ್ನೆಲ್ಲ ಒಂದೇ ಗುಂಪಾಗಿ ಎಣಿಸಿ ಕೆರೆದು ಹಾಕುತ್ತಾರೆ. ಆ ಗುಂಪಿನಲ್ಲಿ ಅಡುಗೆಗೆ ಬರುವ ಹೊನಗೊನ್ನೆ, ಗೋಣಿಸೊಪ್ಪು, ಕೊಮ್ಮೆಗಳು ಇರುತ್ತವೆ, ದಕ್ಷಿಣ ಅಮೆರಿಕದಿಂದ ಬಂದ ಮುಳ್ಳುಹೊನಗೊನ್ನೆಯೂ ಇರುತ್ತದೆ. ಎಲ್ಲವನ್ನೂ ಒಟ್ಟಿಗೆ ಕೆರೆದಾಗ ಆಳವಾದ ಬೇರಿಲ್ಲದವು ನಾಶವಾಗುತ್ತವೆ, ಬೇರು ಗಟ್ಟಿಯಿರುವ ಪರದೇಶಿ ಗಿಡ ಮತ್ತೆ ಚಿಗುರಿ, ತೆರವಾದ ನೆಲವನ್ನು ತಾನೇ ಆಕ್ರಮಿಸಿಕೊಳ್ಳುತ್ತದೆ. ಗುರುತು ತಪ್ಪಿದ ಕಳೆ ಕೀಳುವಿಕೆಯಿಂದ ಕಳೆಗೇ ಲಾಭವಾಗುವುದು ಹೀಗೆ. ಆದ್ದರಿಂದ ಈ ಗಿಡವನ್ನು ಅದರ ನೆರೆಯ ಗಿಡಗಳಿಂದ ಬೇರ್ಪಡಿಸಿ ನೋಡುವುದನ್ನು ಕಲಿಯುವುದು ಸಸ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಎಷ್ಟು ಮುಖ್ಯವೋ ಮನೆಯ ಮುಂದೆ ನಾಲ್ಕು ಅಡಿ ಮಣ್ಣು ಉಳಿಸಿಕೊಂಡಿರುವವರಿಗೂ ಅಷ್ಟೇ ಮುಖ್ಯ.

ಮುಳ್ಳುಹೊನಗೊನ್ನೆ ಅಮರಾಂತೇಸೀ ಎಂಬ ಕುಟುಂಬಕ್ಕೆ ಸೇರಿದೆ. ದಂಟು, ಕೀರೆ, ಕೋಳಿಜುಟ್ಟಿನ ಹೂವಿನ ಗಿಡ, ಕಾಯಿಗಳು ಬಟ್ಟೆಗೆ ಅಂಟಿಕೊಳ್ಳುವ ಉತ್ತರಾಣಿ ಇವೆಲ್ಲ ಇದೇ ಕುಟುಂಬದವು. ಈ ಕುಟುಂಬದ ಹೂಗಳಲ್ಲಿ ಹಸಿರು ಪುಷ್ಪಪತ್ರ ಮತ್ತು ಬಣ್ಣದ ದಳ ಎಂಬ ಎರಡು ಬೇರೆ ಬೇರೆ ಸುತ್ತುಗಳಿರುವುದಿಲ್ಲ. ಇರುವುದು ಒಂದೇ ಸುತ್ತು, ಅದೂ ಒಣಹಾಳೆಯಂತಹ ತೆಳುವಾದ, ಹೆಚ್ಚಾಗಿ ಐದು ದಳಗಳದು. ಈ ಸುತ್ತಿಗೆ ಪರಿಪುಷ್ಪವೆಂದು ಹೆಸರು. ಕೋಳಿಜುಟ್ಟಿನ ಹೂ ಕಿತ್ತ ಮೇಲೂ ಬಹುದಿನ ಬಾಡದಂತೆ ಕಾಣುವುದಕ್ಕೆ ಕಾರಣ ಈ ಒಣ ಪರಿಪುಷ್ಪವೇ. ಮುಳ್ಳುಹೊನಗೊನ್ನೆಯಲ್ಲಿ ಅದೇ ಪರಿಪುಷ್ಪ ಮುಳ್ಳಾಗಿ ಮಾರ್ಪಟ್ಟಿದೆ.

ಗಿಡವನ್ನು ಗುರುತಿಸಲು ಮೊದಲು ನೋಡಬೇಕಾದದ್ದು ಅದು ನೆಲದ ಮೇಲೆ ಹರಡಿರುವ ರೀತಿ. ಒಂದೇ ನಡುಬಿಂದುವಿನಿಂದ ಕವಲೊಡೆದ ಕಾಂಡಗಳು ಎಲ್ಲ ದಿಕ್ಕಿಗೂ ಹೊರಟು, ಎಲ್ಲಿಯೂ ತಲೆಯೆತ್ತದೆ, ಮಣ್ಣಿಗೆ ಅಂಟಿದಂತೆ ಸಾಗುತ್ತವೆ. ಒಂದೊಂದು ಕಾಂಡ ಗೇಣುದ್ದದಿಂದ ಮೊಳದುದ್ದದವರೆಗೆ ಬೆಳೆಯಬಹುದು. ಕಾಂಡ ಕೆಲವೊಮ್ಮೆ ಕೆಂಪು ಛಾಯೆಯದಾಗಿದ್ದು, ಎಳೆಯ ಭಾಗದಲ್ಲಿ ಬಿಳಿಯ ಉದ್ದನೆಯ ರೋಮಗಳು ದಟ್ಟವಾಗಿರುತ್ತವೆ, ಗೆಣ್ಣುಗಳು ತೇವವಿರುವ ಕಡೆ ಸಣ್ಣ ಬೇರುಗಳನ್ನೂ ಬಿಡುತ್ತವೆ. ಕಾಂಡಗಳನ್ನು ಹಿಡಿದು ನಡುಭಾಗಕ್ಕೆ ಬಂದರೆ ಅಲ್ಲಿ ಮರದಂತೆ ಗಟ್ಟಿಯಾದ ಒಂದು ಗಡ್ಡೆಗಟ್ಟಿದ ತಲೆಯೂ, ಅದರ ಕೆಳಗೆ ನೇರವಾಗಿ ಆಳಕ್ಕೆ ಇಳಿದ ದಪ್ಪನೆಯ ತಾಯಿಬೇರೂ ಸಿಗುತ್ತವೆ. ಬೇಸಿಗೆಯಲ್ಲಿ ಮೇಲಿನ ಕಾಂಡ ಒಣಗಿ ಉದುರಿದರೂ ಈ ಬೇರಿನ ತಲೆ ಬದುಕಿದ್ದು, ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಬೀಳುವ ಮೊದಲ ಮಳೆಗೆ ಮತ್ತೆ ಕುಡಿಯೊಡೆಯುತ್ತದೆ. ಹೀಗೆ ಹಲವು ವರ್ಷ ಬಾಳುವ ಗಿಡವನ್ನು ಬಹುವಾರ್ಷಿಕ ಎನ್ನುತ್ತಾರೆ.

ಎಲೆಗಳು ಪ್ರತಿ ಗೆಣ್ಣಿನಲ್ಲಿ ಎದುರುಬದುರಾಗಿ ಎರಡೆರಡು ಇರುತ್ತವೆ. ಅಂಡಾಕಾರದಿಂದ ಹೆಚ್ಚುಕಡಿಮೆ ದುಂಡಗಿನವರೆಗೆ ಆಕಾರವುಳ್ಳ ಇವು ಸುಮಾರು 1.5ರಿಂದ 4.5 ಸೆಂಟಿಮೀಟರ್ ಉದ್ದವಿದ್ದು, ಬುಡದಲ್ಲಿ ಕಿರಿದಾಗುತ್ತ ತೊಟ್ಟಾಗುತ್ತವೆ. ಗಮನಿಸಬೇಕಾದ ಅಂಶವೆಂದರೆ ಜೋಡಿಯ ಎರಡು ಎಲೆಗಳು ಸಮನಾಗಿರುವುದಿಲ್ಲ, ಒಂದು ಸ್ಪಷ್ಟವಾಗಿ ದೊಡ್ಡದು, ಇನ್ನೊಂದು ಚಿಕ್ಕದು. ಎಳೆಯ ಎಲೆಯ ತುದಿಯಲ್ಲಿ ಕೂದಲಿನಷ್ಟು ಸಣ್ಣ ಮೊನೆಯೊಂದು ಇರುತ್ತದೆ, ಎಲೆ ಬಲಿತಂತೆ ಅದು ಉದುರಿಹೋಗುತ್ತದೆ. ಆದರೆ ಎಲೆಯನ್ನಷ್ಟೇ ನಂಬಿ ಗುರುತು ಹಿಡಿಯುವುದು ಸರಿಯಲ್ಲ, ಏಕೆಂದರೆ ಜನ ತುಳಿದಾಡುವ ಕಡೆ ಎಲೆ ಕಿರುಬೆರಳಿನ ಉಗುರಿನಷ್ಟಕ್ಕೇ ನಿಂತರೆ, ಕೈತೋಟದ ನೀರು ಸಿಕ್ಕ ಕಡೆ ಅಗಲವಾಗಿ, ಬೇರೆಯೇ ಗಿಡವೆಂಬಂತೆ ಬೆಳೆಯುತ್ತದೆ.

ಖಚಿತವಾದ ಗುರುತು ಸಿಗುವುದು ಎಲೆಯ ಕಂಕುಳಲ್ಲಿ, ಅಂದರೆ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಮೂಲೆಯಲ್ಲಿ. ಅಲ್ಲಿ ತೊಟ್ಟಿಲ್ಲದ, ಹುಲ್ಲಿನ ಬಣ್ಣದ, ಒಂದು ಸೆಂಟಿಮೀಟರಿನ ಆಸುಪಾಸಿನ ಹೂಗೊಂಚಲುಗಳು ಒಂದೊಂದಾಗಿ ಅಥವಾ ಎರಡು ಮೂರು ಒತ್ತಾಗಿ ಕುಳಿತಿರುತ್ತವೆ. ಒಂದು ಗೊಂಚಲನ್ನು ಬಿಳಿಯ ಕಾಗದದ ಮೇಲೆ ಬಿಡಿಸಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರದ ಕೆಳಗೆ ಇಟ್ಟರೆ ಗಿಡದ ನಿಜವಾದ ರಚನೆ ಕಾಣುತ್ತದೆ. ಪ್ರತಿ ಹೂವಿನ ಐದು ದಳಗಳು ಮೂರು ಬಗೆಯವು. ಹೊರಗಿನ ಎರಡು ದಳಗಳು ಸುಮಾರು 5 ಮಿಲಿಮೀಟರ್ ಉದ್ದವಿದ್ದು, ಅವುಗಳ ನಡುನರ ದಳವನ್ನು ದಾಟಿ ಹೊರಬಂದು ಗಡುಸಾದ, ಚೂಪಾದ ಮುಳ್ಳಾಗಿ ಕೊನೆಗೊಳ್ಳುತ್ತದೆ. ಅವುಗಳ ಎದುರಿಗಿರುವ ಒಂಟಿ ದಳ ಇನ್ನಷ್ಟು ಚಿಕ್ಕದು, ಅದರ ತುದಿ ಸಣ್ಣ ಹಲ್ಲುಗಳಾಗಿ ಕತ್ತರಿಸಿದಂತಿರುತ್ತದೆ. ಒಳಗಿನ ಎರಡು ದಳಗಳು ಅತಿ ಚಿಕ್ಕವು, ಅಡ್ಡಡ್ಡಲಾಗಿ ಚಪ್ಪಟೆಯಾದವು, ಬಿಳಿಯ ರೋಮಗಳ ಕುಚ್ಚುಗಳನ್ನು ಹೊತ್ತವು. ಇನ್ನೂ ಹೆಚ್ಚು ದೊಡ್ಡದು ಮಾಡಿ ನೋಡಿದರೆ ಈ ರೋಮಗಳು ನುಣುಪಾಗಿಲ್ಲವೆಂಬುದೂ, ಮೈಯುದ್ದಕ್ಕೂ ಹಿಮ್ಮುಖವಾದ ಸೂಕ್ಷ್ಮ ಕೊಕ್ಕೆಗಳಿವೆಯೆಂಬುದೂ ತಿಳಿಯುತ್ತದೆ. ದಳಗಳ ನಡುವೆ ಐದು ಕೇಸರಗಳೂ, ಅವುಗಳ ಎಡೆಯೆಡೆಯಲ್ಲಿ ಪರಾಗವಿಲ್ಲದ ಐದು ಹುಸಿಕೇಸರಗಳೂ ಇರುತ್ತವೆ. ಸ್ವೀಡನ್ನಿನ ಪ್ರಕೃತಿಶಾಸ್ತ್ರಜ್ಞ ಫೋರ್ಸ್ಕಾಲ್ ಈ ಕುಲಕ್ಕೆ ಆಲ್ಟರ್ನಾಂತೆರಾ ಎಂಬ ಹೆಸರು ಕೊಟ್ಟದ್ದು ಹೀಗೆ ಒಂದು ಬಿಟ್ಟು ಒಂದು ಬರುವ ಕೇಸರಗಳನ್ನು ಕಂಡು. ಯೆಮನ್ ದೇಶದಲ್ಲಿ 1763ರಲ್ಲಿ ತೀರಿಕೊಂಡ ಅವನ ಬರಹ ಅಚ್ಚಾದದ್ದು 1775ರಲ್ಲಿ.

ಹೂವಿನ ಒಳಗೆ ಬೆಳೆಯುವ ಕಾಯಿ ತೆಳುಚೀಲದಂತಹದು, ಅದರೊಳಗೆ ಕಂದುಬಣ್ಣದ, ಹೊಳಪಿನ, ಒಂದು ಮಿಲಿಮೀಟರಿಗಿಂತ ತುಸು ದೊಡ್ಡದಾದ ಒಂದೇ ಒಂದು ಬೀಜವಿರುತ್ತದೆ. ಕಾಯಿ ಒಡೆದು ಬೀಜ ಸಿಡಿಯುವುದಿಲ್ಲ. ಹೂವಿಗೆ ಹೂವೇ ಮುಳ್ಳು ಸಮೇತ ಕಳಚಿಕೊಂಡು ಹೋಗುತ್ತದೆ. ಹೊರದಳದ ಮುಳ್ಳು ಚಪ್ಪಲಿಯ ರಬ್ಬರಿಗೋ ನಾಯಿಯ ಪಾದಕ್ಕೋ ನಾಟುತ್ತದೆ, ಒಳದಳದ ಕೊಕ್ಕೆರೋಮ ಬಟ್ಟೆಗೂ ಗೋಣಿಯ ನಾರಿಗೂ ಸಿಕ್ಕಿಕೊಳ್ಳುತ್ತದೆ. ಒಂದೇ ಹೂವಿನಲ್ಲಿ ಎರಡು ಬಗೆಯ ಸಾಗಣೆಯ ಉಪಾಯವಿರುವುದರಿಂದಲೇ, ಇಷ್ಟು ನೆಲಕಚ್ಚಿ ಬೆಳೆಯುವ, ಗಾಳಿಯ ನೆರವೂ ಸಿಗದ ಗಿಡವೊಂದು ಖಂಡಗಳನ್ನು ದಾಟಿ ಹರಡಲು ಸಾಧ್ಯವಾಗಿದೆ.

ಈ ಗುರುತುಗಳನ್ನು ತಿಳಿದ ಮೇಲೆ ನೆರೆಯ ಗಿಡಗಳಿಂದ ಅದನ್ನು ಬೇರ್ಪಡಿಸುವುದು ಕಷ್ಟವಲ್ಲ. ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ನಿಜವಾದ ಹೊನಗೊನ್ನೆ, ಅಂದರೆ ಆಲ್ಟರ್ನಾಂತೆರಾ ಸೆಸಿಲಿಸ್. ಕಣ್ಣಿಗೆ ಒಳ್ಳೆಯದೆಂಬ ನಂಬಿಕೆಯಿಂದ ಬೇಳೆಯೊಡನೆ ಬೇಯಿಸಿ ಉಣ್ಣುವ ಸೊಪ್ಪು ಇದು. ಇದರ ಎಲೆ ಕಿರಿದು, ಉದ್ದ, ನುಣುಪು. ಕಾಂಡ ತೇವವಿರುವ ಕಡೆ ಹಬ್ಬಿ ತುದಿಯಲ್ಲಿ ತಲೆಯೆತ್ತುತ್ತದೆ. ಹೂಗೊಂಚಲು ಇದರಲ್ಲೂ ಎಲೆಯ ಕಂಕುಳಲ್ಲಿ ತೊಟ್ಟಿಲ್ಲದೆ ಕುಳಿತಿದ್ದರೂ ಬೆಳ್ಳಗೆ ಹೊಳೆಯುತ್ತ, ಬೆರಳಿನಿಂದ ಒತ್ತಿದಾಗ ಮೆತ್ತಗಿರುತ್ತದೆ. ಬೆರಳಿಗೆ ಚುಚ್ಚಿದರೆ ಅದು ಹೊನಗೊನ್ನೆಯಲ್ಲ. ಸೊಪ್ಪು ಆಯುವವರಿಗೆ ಇಷ್ಟು ಪರೀಕ್ಷೆ ಸಾಕು. ಉದ್ಯಾನಗಳಲ್ಲಿ ಪಾತಿಯ ಅಂಚುಗಟ್ಟಲು ಒತ್ತೊತ್ತಾಗಿ ನೆಟ್ಟು ಕತ್ತರಿಸಿ ನಿಲ್ಲಿಸುವ ಕೆಂಪು, ಹಳದಿ ಎಲೆಗಳ ಗಿಡಗಳೂ ಇದೇ ಕುಲದವೇ, ಅವುಗಳ ತವರೂ ಅಮೆರಿಕವೇ. ಆದರೆ ಅವು ಮುಳ್ಳಿಲ್ಲದ, ನೆಟ್ಟಲ್ಲೇ ಉಳಿಯುವ ಗಿಡಗಳು.

ಅಸಮವಾದ ಎಲೆಜೋಡಿಯ ಕಾರಣ ಕೊಮ್ಮೆಯನ್ನೂ, ಅಂದರೆ ಪುನರ್ನವವನ್ನೂ, ಮುಳ್ಳುಹೊನಗೊನ್ನೆಯೆಂದು ತಪ್ಪಾಗಿ ತಿಳಿಯಬಹುದು. ಕೊಮ್ಮೆಯ ಎಲೆಯನ್ನು ತಿರುಗಿಸಿದರೆ ಅಡಿಭಾಗ ಬೂದುಬಿಳುಪಾಗಿರುತ್ತದೆ, ಹೂ ನಸುಗೆಂಪಾಗಿ ತೆಳುವಾದ ಕವಲುಕಡ್ಡಿಗಳ ತುದಿಯಲ್ಲಿರುತ್ತದೆ, ಕಾಯಿ ಚುಚ್ಚುವುದಿಲ್ಲ, ಜಿಗುಟಾಗಿ ಅಂಟುತ್ತದೆ. ಕಾಲಿಗೆ ಚುಚ್ಚುವ ವಿಷಯದಲ್ಲಿ ಮುಳ್ಳುಹೊನಗೊನ್ನೆಗೆ ಸಾಟಿಯಾದ ನೆಗ್ಗಿಲನ್ನು ಗುರುತಿಸುವುದು ಸುಲಭ: ಅದರ ಎಲೆ ಹುಣಿಸೆ ಎಲೆಯ ಹಾಗೆ ಹಲವು ಜೋಡಿ ಕಿರುಎಲೆಗಳದು, ಹೂ ಹಳದಿ, ಕಾಯಿ ಸೈಕಲ್ ಟ್ಯೂಬನ್ನೂ ತೂತು ಮಾಡುವಷ್ಟು ಗಟ್ಟಿ. ಗೋಣಿಸೊಪ್ಪಿನ ದಪ್ಪನೆಯ ರಸಭರಿತ ಎಲೆ, ಮುರಿದ ಕೂಡಲೇ ಹಾಲು ಸುರಿಸುವ ಸಣ್ಣೆಲೆಯ ಯುಫೋರ್ಬಿಯಾಗಳು, ಇವುಗಳಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ. ಇನ್ನೊಂದು ದಕ್ಷಿಣ ಅಮೆರಿಕದ ಕಳೆ ಮಾತ್ರ ಎಚ್ಚರ ಬೇಡುತ್ತದೆ. ಗೊಂಫ್ರೀನಾ ಸೆಲೋಸಿಯಾಯ್ಡಿಸ್ ಎಂಬ ಇದು ಹುಲ್ಲುಹಾಸಿನಲ್ಲಿ, ರಸ್ತೆಯ ಅಂಚಿನಲ್ಲಿ ಮುಳ್ಳುಹೊನಗೊನ್ನೆಯ ಪಕ್ಕದಲ್ಲೇ ಬೆಳೆಯುತ್ತದೆ. ಇದರ ಬಿಳಿಯ ಹೂಗೊಂಚಲು ಕಾಂಡದ ತುದಿಯಲ್ಲಿ ಎದ್ದುನಿಂತು, ಹಳತಾದಂತೆ ಉದ್ದವಾಗುತ್ತ ಹೋಗುತ್ತದೆ, ಮುಟ್ಟಿದರೆ ಉಣ್ಣೆಯಂತೆ ಮೆತ್ತಗಿರುತ್ತದೆ.

ಈ ಗಿಡದ ಹೆಸರಿನ ಇತಿಹಾಸ ಸ್ವಲ್ಪ ಸಿಕ್ಕುಸಿಕ್ಕಾದದ್ದು, ಹಳೆಯ ಪುಸ್ತಕಗಳನ್ನು ನೋಡುವವರಿಗೆ ಅದು ತಿಳಿದಿರಬೇಕಾಗುತ್ತದೆ. ಇಂದು ಎಲ್ಲರೂ ಕಳೆಯೆಂದು ಕೀಳುವ ಈ ಗಿಡ ಯೂರೋಪಿನ ಸಸ್ಯಶಾಸ್ತ್ರಕ್ಕೆ ಪರಿಚಯವಾದದ್ದು ತೋಟದ ಗಿಡವಾಗಿಯೇ. ಲಂಡನ್ನಿನ ಬಳಿಯ ಎಲ್ತಮ್ ಎಂಬಲ್ಲಿ ಜೇಮ್ಸ್ ಶೆರಾರ್ಡ್ ಬೆಳೆಸಿದ್ದ ಅಪರೂಪದ ಸಸ್ಯಗಳ ತೋಟವನ್ನು ಕುರಿತು ಡಿಲೇನಿಯಸ್ ಎಂಬ ವಿದ್ವಾಂಸ 1732ರಲ್ಲಿ ಹೊರತಂದ ಚಿತ್ರಸಹಿತ ಗ್ರಂಥದಲ್ಲಿ ಇದರ ಚಿತ್ರವಿದೆ. ಆ ಚಿತ್ರವನ್ನು ಆಧರಿಸಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇದನ್ನು ಉತ್ತರಾಣಿಯ ಕುಲಕ್ಕೆ ಸೇರಿಸಿ ಹೆಸರಿಟ್ಟ. ಬಳಿಕ ಅನ್ವೇಷಕರಾದ ಹಂಬೋಲ್ಟ್ ಮತ್ತು ಬೋನ್‌ಪ್ಲಾಂಡ್ 1799ರಿಂದ 1804ರವರೆಗೆ ಅಮೆರಿಕದ ಉಷ್ಣವಲಯದಲ್ಲಿ ಸಂಚರಿಸಿ ತಂದ ಮಾದರಿಗಳನ್ನು ಅಭ್ಯಸಿಸಿದ ಕುಂತ್ ಎಂಬ ಜರ್ಮನ್ ವಿಜ್ಞಾನಿ 1818ರಲ್ಲಿ ಕೊಟ್ಟ ಪಂಜೆನ್ಸ್ ಎಂಬ ಹೆಸರು ಈಗ ಅಂಗೀಕೃತವಾಗಿದೆ. ಲಿನೇಯಸ್ ಬಳಸಿದ್ದ ರೆಪೆನ್ಸ್ ಎಂಬ ಗುಣವಾಚಕ ಆಲ್ಟರ್ನಾಂತೆರಾ ಕುಲದಲ್ಲಿ ಮೊದಲೇ ಬೇರೊಂದು ಗಿಡಕ್ಕೆ ಬಳಕೆಯಾಗಿಬಿಟ್ಟಿದ್ದರಿಂದ, ಒಂದು ಕುಲದಲ್ಲಿ ಒಂದೇ ಹೆಸರು ಎರಡು ಸಲ ಬರಬಾರದೆಂಬ ನಿಯಮದಂತೆ ಅದನ್ನು ಬಿಡಬೇಕಾಯಿತು. ಹಳೆಯ ಪುಸ್ತಕಗಳಲ್ಲಿ ಆಲ್ಟರ್ನಾಂತೆರಾ ರೆಪೆನ್ಸ್ ಅಥವಾ ಆಲ್ಟರ್ನಾಂತೆರಾ ಎಕಿನೇಟಾ ಎಂದು ಕಂಡರೆ ಅದು ಇದೇ ಗಿಡವೆಂದು ತಿಳಿಯಬಹುದು.

ಇಂಗ್ಲಿಷಿನಲ್ಲಿ ಇದಕ್ಕೆ ಖಾಕಿ ವೀಡ್, ಅಂದರೆ ಖಾಕಿ ಕಳೆ, ಎಂಬ ಹೆಸರಿದೆ. ದಕ್ಷಿಣ ಆಫ್ರಿಕದಲ್ಲಿ 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ಖಾಕಿ ಉಡುಪಿನ ಬ್ರಿಟಿಷ್ ಸೈನ್ಯದ ಕುದುರೆಗಳಿಗಾಗಿ ದಕ್ಷಿಣ ಅಮೆರಿಕದಿಂದ ತರಿಸಿದ ಒಣಮೇವಿನೊಡನೆ ಇದರ ಬೀಜ ಬಂದು, ಸೈನ್ಯ ಬೀಡುಬಿಟ್ಟ ಕಡೆಗಳಲ್ಲೆಲ್ಲ ಮೊಳೆಯಿತೆಂಬುದು ಆ ಹೆಸರಿಗೆ ಸಾಮಾನ್ಯವಾಗಿ ಕೊಡುವ ವಿವರಣೆ. ಇಂದು ಅದು ಆಫ್ರಿಕ, ಆಸ್ಟ್ರೇಲಿಯ, ಭಾರತಗಳ ಉಷ್ಣಪ್ರದೇಶಗಳಲ್ಲೆಲ್ಲ ನೆಲೆಸಿದೆ. ಲಾಲ್‌ಬಾಗಿನ ಮೂಲಕ ಬೆಂಗಳೂರಿಗೆ ಬಂದ ಪರದೇಶದ ಮರಗಳಿಗೂ ತರಕಾರಿಗಳಿಗೂ ಬರಮಾಡಿಕೊಂಡವರಿದ್ದರು. ಆ ತೋಟದ ಸೂಪರಿಂಟೆಂಡೆಂಟ್ ಆಗಿದ್ದ ಜಾನ್ ಕ್ಯಾಮರಾನ್ ಪ್ರಚಾರಕ್ಕೆ ತಂದ ಸೀಮೆಬದನೆ ಅದಕ್ಕೊಂದು ಉದಾಹರಣೆ. ಮುಳ್ಳುಹೊನಗೊನ್ನೆ ಬಂದದ್ದು ಯಾರೂ ಕರೆಯದೆ, ಸರಕಿನ ಜೊತೆಗೆ.

ತರಗುಪೇಟೆಯಂತಹ ಜಾಗ ಈ ಗಿಡಕ್ಕೆ ಒಗ್ಗುವುದಕ್ಕೆ ಕಾರಣವೂ ಸರಕೇ. ಊರೂರಿನಿಂದ ಲಾರಿಗಳು ಬಂದು ನಿಲ್ಲುತ್ತವೆ, ಕಣದಲ್ಲೋ ಬಯಲಿನಲ್ಲೋ ಹಾಸಿದ್ದ ಗೋಣಿಚೀಲಗಳು ಇಳಿಯುತ್ತವೆ, ಹಮಾಲರು ಅವನ್ನು ಹೊತ್ತು ಓಡಾಡುತ್ತಾರೆ, ಖಾಲಿ ಚೀಲಗಳು ಮತ್ತೆ ಬೇರೆ ಊರಿಗೆ ಹೋಗುತ್ತವೆ; ಸಗಟು ವ್ಯಾಪಾರದ ಒಂದು ಪಾಲು ಯಶವಂತಪುರದ ಕೃಷಿ ಉತ್ಪನ್ನ ಮಾರುಕಟ್ಟೆಯ (ಎಪಿಎಂಸಿ) ಪ್ರಾಂಗಣಕ್ಕೆ ಹೋದ ಮೇಲೂ ಈ ಓಡಾಟ ನಿಂತಿಲ್ಲ. ಮುಳ್ಳಿನಿಂದ ನಾಟಿಕೊಂಡು, ಕೊಕ್ಕೆಯಿಂದ ಸಿಕ್ಕಿಕೊಂಡು ಸಾಗುವ ಬೀಜಕ್ಕೆ ಇದಕ್ಕಿಂತ ಅನುಕೂಲವಾದ ದಾರಿ ಇಲ್ಲ. ಕೈತೋಟದಲ್ಲಿಯೂ ಮೊದಲ ಗಿಡ ಹುಟ್ಟುವುದು ಬಹುಮಟ್ಟಿಗೆ ಗೇಟಿನ ಬಳಿ, ಸ್ಕೂಟರ್ ನಿಲ್ಲಿಸುವ ಕಡೆ, ಅಥವಾ ಹೊರಗಿನಿಂದ ತಂದ ಮಣ್ಣು ಗೊಬ್ಬರ ಸುರಿದ ಕಡೆ. ಆದ್ದರಿಂದ ಗಿಡ ಎಲ್ಲಿ ಕಂಡಿತೆಂಬುದನ್ನು ನೋಡಿ ಅದು ಯಾವ ದಾರಿಯಿಂದ ಬಂದಿತೆಂದು ಊಹಿಸಲು ಸಾಧ್ಯ.

ಬಂದ ಬೀಜ ಬದುಕಿ ಉಳಿಯುವುದಕ್ಕೆ ಬೇರೆಯ ಕಾರಣವಿದೆ. ಮುಳ್ಳುಹೊನಗೊನ್ನೆ ಸಿ-4 ಎಂದು ಕರೆಯುವ ವಿಧಾನದಿಂದ ಆಹಾರ ತಯಾರಿಸುತ್ತದೆ. ಅಂದರೆ ಗಾಳಿಯಿಂದ ಹೀರಿದ ಇಂಗಾಲದ ಡೈಆಕ್ಸೈಡನ್ನು ಎಲೆಯು ಮೊದಲು ನಾಲ್ಕು ಇಂಗಾಲದ ಪರಮಾಣುಗಳುಳ್ಳ ಆಮ್ಲವಾಗಿ ಹಿಡಿದು, ನರಗಳ ಸುತ್ತಲಿರುವ ವಿಶೇಷ ಕೋಶಗಳಿಗೆ ಸಾಗಿಸಿ, ಅಲ್ಲಿ ಅದನ್ನು ಬಿಡುಗಡೆ ಮಾಡಿ ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಇದರಿಂದ ಎಲೆಯ ರಂಧ್ರಗಳನ್ನು ಹೆಚ್ಚು ತೆರೆಯದೆಯೂ, ಅಂದರೆ ಕಡಿಮೆ ನೀರು ಕಳೆದುಕೊಂಡೂ, ಬಿರುಬಿಸಿಲಿನಲ್ಲಿ ಚೆನ್ನಾಗಿ ಬೆಳೆಯಬಹುದು. ತರಗುಪೇಟೆಯ ಮಂಡಿಗಳಿಗೆ ಬರುವ ರಾಗಿ, ಜೋಳಗಳೂ ಇದೇ ವಿಧಾನದ ಗಿಡಗಳ ಫಸಲು. ಒಂದೇ ಕುಲದ ಹೊನಗೊನ್ನೆ ಮಾತ್ರ ಸಾಮಾನ್ಯವಾದ ಸಿ-3 ವಿಧಾನವನ್ನೇ ಅನುಸರಿಸುವುದರಿಂದ ಅದಕ್ಕೆ ತೇವ ಬೇಕು. ಕಾಂಕ್ರೀಟಿನ ಅಂಚಿನ ಬಿಸಿಯಲ್ಲಿ, ತುಳಿತಕ್ಕೆ ಸಿಕ್ಕಿ ಕಲ್ಲಿನಂತಾದ ಮಣ್ಣಿನಲ್ಲಿ ಮುಳ್ಳಿನ ಜಾತಿ ಹಸಿರಾಗಿರುವಾಗ ಸೊಪ್ಪಿನ ಜಾತಿ ನಲ್ಲಿಯ ಬುಡವನ್ನೋ ಚರಂಡಿಯ ಅಂಚನ್ನೋ ಹುಡುಕಿಕೊಂಡು ಹೋಗುವುದು ಇದರಿಂದಲೇ. ಒಂದೇ ಕುಲದ ಎರಡು ಗಿಡಗಳು ಹತ್ತು ಹೆಜ್ಜೆಗಳ ಅಂತರದಲ್ಲಿ ಎರಡು ಬೇರೆ ಬಗೆಯ ಜೀವನಕ್ರಮಗಳನ್ನು ತೋರಿಸುವ ಈ ಪಾಠ ಶಾಲೆಯ ಮಕ್ಕಳಿಗೆ ಯಾವ ಪ್ರಯೋಗಶಾಲೆಯೂ ಇಲ್ಲದೆ ಬೀದಿಯಲ್ಲೇ ಸಿಗುತ್ತದೆ, ಅದನ್ನು ತೋರಿಸಿಕೊಡುವವರು ಬೇಕು.

ಕೀಳುವ ಕೆಲಸಕ್ಕೆ ತಕ್ಕ ಕಾಲ ಮುಂಗಾರಿನ ಆರಂಭ. ಆಗ ಮಣ್ಣು ಮೆದುವಾಗಿರುತ್ತದೆ, ಹೊಸ ಕುಡಿಗಳು ಹೊರಟಿದ್ದರೂ ಗೊಂಚಲುಗಳು ಇನ್ನೂ ಬಲಿತಿರುವುದಿಲ್ಲ. ಕಾಂಡ ಹಿಡಿದು ಎಳೆದರೆ ಅದು ಕಿತ್ತುಬರುತ್ತದೆಯೇ ಹೊರತು ಬೇರು ಬರುವುದಿಲ್ಲ, ಆದ್ದರಿಂದ ಮೊನೆಯುಳ್ಳ ಚಿಕ್ಕ ಹಾರೆಯನ್ನು ನಡುಭಾಗದಲ್ಲಿ ಇಳಿಸಿ, ಗಟ್ಟಿಯಾದ ಬೇರಿನ ತಲೆಯ ಕೆಳಗಿನಿಂದ ತಾಯಿಬೇರನ್ನು ಕತ್ತರಿಸಬೇಕು. ಹುಲ್ಲು ಕತ್ತರಿಸುವ ಯಂತ್ರದಿಂದ ಪ್ರಯೋಜನವಿಲ್ಲ, ಏಕೆಂದರೆ ಅದರ ಅಲಗಿಗಿಂತ ಕೆಳಗೇ ಗಿಡ ಮಲಗಿರುತ್ತದೆ. ಸುತ್ತಲಿನ ಹುಲ್ಲು ಗಿಡ್ಡವಾದಷ್ಟೂ ಅದಕ್ಕೆ ಬಿಸಿಲು ಹೆಚ್ಚಾಗಿ ಸಿಗುತ್ತದೆ. ಉದ್ಯಾನದಲ್ಲಿ ಗರಿಕೆಯನ್ನು ತುಸು ಎತ್ತರವಾಗಿ, ದಟ್ಟವಾಗಿ ಬಿಡುವುದು, ಬರಿಮಣ್ಣಿನ ಮೇಲೆ ಒಣಎಲೆ ಹೊದಿಸುವುದು ಹೆಚ್ಚು ಫಲಕಾರಿ. ಗೊಂಚಲು ಬಲಿತ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಾರದು, ಚೀಲದಲ್ಲಿ ಕಟ್ಟಿ ಕಸದ ಜೊತೆಗೆ ಕಳಿಸಬೇಕು. ನೆಲದ ಮೇಲೆ ಉದುರಿ ಉಳಿದ ಮುಳ್ಳುಗಳನ್ನು ಪೊರಕೆ ಪೂರ್ತಿ ಗುಡಿಸಲಾರದು. ತರಗುಪೇಟೆಯಲ್ಲಿ ಸುಲಭವಾಗಿ ಸಿಗುವ ಹಳೆಯ ಗೋಣಿಚೀಲವನ್ನು ಒದ್ದೆ ಮಾಡಿ, ಆ ಜಾಗದ ಮೇಲೆ ಒತ್ತಿ ಎಳೆದರೆ ಮುಳ್ಳೂ ಕೊಕ್ಕೆಯೂ ನಾರಿಗೆ ಸಿಕ್ಕಿಕೊಂಡು ಬರುತ್ತವೆ.

ಗುರುತಿನ ಬಗ್ಗೆ ಅನುಮಾನ ಉಳಿದರೆ ಗೊಂಚಲಿರುವ ಒಂದು ಕೊಂಬೆಯನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ, ಸಿಕ್ಕ ಜಾಗವನ್ನೂ ದಿನಾಂಕವನ್ನೂ ಬರೆದಿಟ್ಟು, ಸಸ್ಯಶಾಸ್ತ್ರ ವಿಭಾಗವಿರುವ ಯಾವುದಾದರೂ ಕಾಲೇಜಿನಲ್ಲಿ ತೋರಿಸಬಹುದು. ಎಸ್. ವಿ. ರಾಮಸ್ವಾಮಿ ಮತ್ತು ಬಿ. ಎ. ರಜಿ ಅವರು 1973ರಲ್ಲಿ ಬೆಂಗಳೂರು ಜಿಲ್ಲೆಯ ಸಸ್ಯಗಳನ್ನು ಕುರಿತು ಹೊರತಂದ ಗ್ರಂಥವೂ, ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಸೆಸಿಲ್ ಸಲ್ಡಾನ ಅವರು 1984ರಲ್ಲಿ ಪ್ರಕಟಿಸಿದ ಕರ್ನಾಟಕದ ಸಸ್ಯಸಂಪತ್ತಿನ ಮೊದಲ ಸಂಪುಟವೂ ಇಂಥ ಹೋಲಿಕೆಗೆ ಆಧಾರವಾಗುತ್ತವೆ. ಒತ್ತಿದ ಮಾದರಿಯಲ್ಲಿ ಬೇರಿನ ತಲೆಯ ಒಂದು ತುಂಡೂ ಇರಬೇಕು, ಮತ್ತು ಉದುರಿದ ಹೂಗಳನ್ನು ಬಿಸಾಡದೆ ಸಣ್ಣ ಕಾಗದದ ಪೊಟ್ಟಣದಲ್ಲಿ ಕಟ್ಟಿ ಅದೇ ಹಾಳೆಗೆ ಅಂಟಿಸಬೇಕು, ಏಕೆಂದರೆ ಪರಿಣತರು ಮೊದಲು ಬಿಡಿಸಿ ನೋಡುವುದು ಆ ಹೂಗಳ ಐದು ದಳಗಳನ್ನೇ.